ರೆಟಿನಾಲ್‌ಗೆ ಯುರೋಪಿನ ಮಿತಿ: ಕರಾವಳಿಯವರು ಹೆದರಬೇಕಾದದ್ದು ಯಾವುದಕ್ಕೆ?

ನೆರಿಗೆ, ಮೊಡವೆಯ ಕಲೆಗೆಂದು ಮುಖದ ಕ್ರೀಮುಗಳಿಗೆ ಸೇರಿಸುವ ರೆಟಿನಾಲ್ ‘ಯುರೋಪಿನಲ್ಲಿ ಬ್ಯಾನ್ ಆಗಿದೆಯಂತೆ’ ಎಂಬ ಮಾತು ಮಂಗಳೂರಿನ ಹಂಪನಕಟ್ಟೆಯ ಮೆಡಿಕಲ್ ಶಾಪುಗಳಿಂದ ಹಿಡಿದು ಮಣಿಪಾಲದ ಹಾಸ್ಟೆಲ್ ಕೋಣೆಗಳವರೆಗೆ ಓಡಾಡುತ್ತಿದೆ. ಅದೇ ಮೊಬೈಲಿನ ಮುಂದಿನ ರೀಲ್‌ನಲ್ಲಿ ಶೇ. 1ರ ರೆಟಿನಾಲ್ ಸೀರಮ್‌ಗೆ ಶೇ. 40 ರಿಯಾಯಿತಿ ಎಂಬ ಜಾಹೀರಾತು. ವಿಷವಾದರೆ ಮಾರುವುದೇಕೆ, ಒಳ್ಳೆಯದಾದರೆ ತಡೆಯುವುದೇಕೆ ಎಂಬ ಗೊಂದಲ ಸಹಜವೇ.

ಬ್ಯಾನ್ ಆಗಿಲ್ಲ. ಆದದ್ದು ಮಿತಿ. ಆ ಮಿತಿಯ ಹಿಂದಿನ ಕಾರಣ ಮಾತ್ರ ಬಹಳ ಮಂದಿ ಅಂದುಕೊಂಡಂಥದ್ದಲ್ಲ. ರೆಟಿನಾಲ್ ಮುಖ ಸುಡುತ್ತದೆ ಎಂದು ಯುರೋಪ್ ಅದನ್ನು ಕಟ್ಟಿಹಾಕಿದ್ದಲ್ಲ.

ನಿಯಮದಲ್ಲಿ ಇರುವುದೇನು

ರೆಟಿನಾಲ್ ಎಂದರೆ ವಿಟಮಿನ್ ‘ಎ’ಯ ಒಂದು ರೂಪ. ಯುರೋಪಿಯನ್ ಒಕ್ಕೂಟ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ 2024/996 ಸಂಖ್ಯೆಯ ನಿಯಮ ಸೌಂದರ್ಯವರ್ಧಕಗಳಲ್ಲಿ ಅದರ ಪ್ರಮಾಣಕ್ಕೆ ಗೆರೆ ಎಳೆಯಿತು. ಮೈಗೆ ಹಚ್ಚುವ ಬಾಡಿ ಲೋಷನ್ ಆದರೆ ಶೇ. 0.05, ಮುಖದ ಕ್ರೀಮ್, ಸೀರಮ್, ಕೈಗೆ ಹಚ್ಚುವ ಕ್ರೀಮ್, ತೊಳೆದುಬಿಡುವ ಉತ್ಪನ್ನಗಳಾದರೆ ಶೇ. 0.3. ಹೊಸದಾಗಿ ಮಾರುಕಟ್ಟೆಗೆ ಬರುವ ಉತ್ಪನ್ನಗಳು 2025ರ ನವೆಂಬರ್ 1ರಿಂದ ಈ ಮಿತಿಯೊಳಗೆ ಇರಬೇಕು. ಅದಕ್ಕೂ ಮೊದಲೇ ಅಂಗಡಿಗೆ ಬಂದ ದಾಸ್ತಾನನ್ನು ಮಾರಿ ಮುಗಿಸಲು 2027ರ ಮೇ 1ರವರೆಗೆ ಕಾಲಾವಕಾಶ. ಜತೆಗೆ, ‘ಇದರಲ್ಲಿ ವಿಟಮಿನ್ ಎ ಇದೆ, ಬಳಸುವ ಮುನ್ನ ನಿಮ್ಮ ದೈನಂದಿನ ಸೇವನೆಯನ್ನು ಗಮನಿಸಿ’ ಎಂಬರ್ಥದ ಎಚ್ಚರಿಕೆಯನ್ನು ಮುದ್ರಿಸಬೇಕು.

ನಿಯಮ ಹೆಸರಿಸಿರುವುದು ಮೂರು ವಸ್ತುಗಳನ್ನು: ರೆಟಿನಾಲ್, ರೆಟಿನೈಲ್ ಪಾಮಿಟೇಟ್ ಮತ್ತು ರೆಟಿನೈಲ್ ಅಸಿಟೇಟ್. ಮೂರನ್ನೂ ರೆಟಿನಾಲ್‌ಗೆ ಸಮ ಮಾಡಿ ಅಳೆಯಲಾಗುತ್ತದೆ. ಪಾಮಿಟೇಟ್ ಅಣು ಭಾರವಾದ್ದರಿಂದ ಶೇ. 0.3 ರೆಟಿನಾಲ್ ಎಂದರೆ ಸುಮಾರು ಶೇ. 0.55 ಪಾಮಿಟೇಟ್. ರೆಟಿನಾಲ್ಡಿಹೈಡ್ ಮತ್ತು ಹೈಡ್ರಾಕ್ಸಿಪಿನಕೊಲೋನ್ ರೆಟಿನೋಯೇಟ್ ಎಂಬ ಇನ್ನೆರಡು ಸಂಬಂಧಿಗಳು ಈ ಪಟ್ಟಿಯಲ್ಲಿ ಇಲ್ಲ. ಇದೇ ಕುಟುಂಬದ ಅತಿ ಬಲಶಾಲಿ ಸದಸ್ಯ ಟ್ರೆಟಿನೊಯಿನ್ ಅಲ್ಲಿ ಸೌಂದರ್ಯವರ್ಧಕಗಳಲ್ಲಿ ಮೊದಲಿನಿಂದಲೂ ನಿಷಿದ್ಧ, ಏಕೆಂದರೆ ಅದು ಮದ್ದು.

ಈ ನಿಯಮ ಭಾರತಕ್ಕೆ ನೇರವಾಗಿ ಅನ್ವಯಿಸುವುದಿಲ್ಲ. ಇಲ್ಲಿನ ಉತ್ಪನ್ನಗಳು ನಡೆಯುವುದು 2020ರ ಕಾಸ್ಮೆಟಿಕ್ಸ್ ನಿಯಮಗಳ ಅಡಿಯಲ್ಲಿ.

ಲೆಕ್ಕ ಚರ್ಮದ್ದಲ್ಲ, ಇಡೀ ದೇಹದ್ದು

ವಿಟಮಿನ್ ‘ಸಿ’ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ವಿಟಮಿನ್ ‘ಎ’ ಹಾಗಲ್ಲ. ಅದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಯಕೃತ್ತಿನಲ್ಲಿ ಕೂಡಿಬೀಳುತ್ತದೆ. ಬಹುಕಾಲ ಮಿತಿಮೀರಿದರೆ ಯಕೃತ್ತಿಗೆ ಹಾನಿ, ಮೂಳೆ ಸವೆತ. ಗರ್ಭದ ಮೊದಲ ವಾರಗಳಲ್ಲಿ ಅತಿಯಾದರೆ ಮಗುವಿನ ಅಂಗರಚನೆಯಲ್ಲೇ ದೋಷ ಬರಬಹುದು. ಹಾಗಾಗಿ ವಯಸ್ಕರಿಗೆ ದಿನಕ್ಕೆ 3000 ಮೈಕ್ರೋಗ್ರಾಂ, ಅಂದರೆ ಹಳೆಯ ಅಳತೆಯಲ್ಲಿ 10,000 ಐಯು, ಎಂಬುದನ್ನು ಮೇಲ್ಮಿತಿ ಎಂದು ಇಟ್ಟುಕೊಳ್ಳಲಾಗಿದೆ.

ಯುರೋಪಿನ ಗ್ರಾಹಕ ಸುರಕ್ಷತೆಯ ವೈಜ್ಞಾನಿಕ ಸಮಿತಿ 2016ರಲ್ಲಿ ಒಮ್ಮೆ, ಆಮೇಲೆ 2022ರಲ್ಲಿ ಮತ್ತೊಮ್ಮೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಅದು ಕಂಡುಕೊಂಡದ್ದಿಷ್ಟು: ಶೇ. 0.3 ಮತ್ತು ಶೇ. 0.05ರ ಮಟ್ಟದ ಕ್ರೀಮುಗಳು ತಮ್ಮಷ್ಟಕ್ಕೆ ಸುರಕ್ಷಿತ. ಆದರೆ ಅಲ್ಲಿನ ಜನರಲ್ಲಿ ಸುಮಾರು ಶೇ. 5 ಮಂದಿ ಆಹಾರ ಮತ್ತು ಮಾತ್ರೆಗಳಿಂದಲೇ ಮೇಲ್ಮಿತಿಯ ಹತ್ತಿರ ಇದ್ದಾರೆ. ಅಂಥವರಿಗೆ ಕ್ರೀಮಿನಿಂದ ಬರುವ ಸಣ್ಣ ಪಾಲೂ ತುಂಬಿದ ಕೊಡಕ್ಕೆ ಸುರಿದ ಚೊಂಬು ನೀರಿನಂತೆ.

ಮುಖಕ್ಕೆ ಶೇ. 0.3, ಮೈಗೆ ಅದರ ಆರನೇ ಒಂದು ಭಾಗ ಏಕೆ? ಇದಕ್ಕೆ ಉತ್ತರ ಕ್ರೀಮಿನ ಬಲದಲ್ಲಿ ಇಲ್ಲ, ಹಚ್ಚುವ ಪ್ರಮಾಣದಲ್ಲಿ ಇದೆ. ಆ ಸಮಿತಿಯ ಲೆಕ್ಕಾಚಾರದಲ್ಲಿ ಮುಖದ ಕ್ರೀಮಿನ ದಿನದ ಬಳಕೆ 1.54 ಗ್ರಾಂ, ಬಾಡಿ ಲೋಷನ್‌ನದು 7.82 ಗ್ರಾಂ. ಗುಣಿಸಿ ನೋಡಿದರೆ ಮುಖದ ಮೇಲೆ ಬೀಳುವ ರೆಟಿನಾಲ್ ಸುಮಾರು 4.6 ಮಿಲಿಗ್ರಾಂ, ಮೈಮೇಲೆ ಬೀಳುವುದು ಸುಮಾರು 3.9 ಮಿಲಿಗ್ರಾಂ. ಎರಡೂ ಹತ್ತಿರ ಹತ್ತಿರ ಒಂದೇ. ಚರ್ಮ ದಾಟಿ ರಕ್ತಕ್ಕೆ ಸೇರುವುದು ಅದರಲ್ಲಿ ಸಣ್ಣ ಪಾಲು ಮಾತ್ರ. ‘ಬಾಡಿ ಲೋಷನ್‌ನಲ್ಲಿ ಇಷ್ಟು ಕಡಿಮೆ ಇದ್ದ ಮೇಲೆ ಮುಖಕ್ಕೆ ಶೇ. 0.3 ಅಪಾಯವೇ ಸರಿ’ ಎಂದು ತರ್ಕಿಸುವವರು ಈ ಗುಣಾಕಾರವನ್ನು ಬಿಟ್ಟಿರುತ್ತಾರೆ.

ಒಪ್ಪದವರ ವಾದ

ಉದ್ಯಮದವರ ಆಕ್ಷೇಪ ಸರಳ: ವಿಟಮಿನ್ ‘ಎ’ಯ ಬಹುಪಾಲು ಬರುವುದು ತಟ್ಟೆಯಿಂದ, ಕಡಿವಾಣ ಮಾತ್ರ ಕ್ರೀಮಿಗೆ. ಅವರ ಕೈಯಲ್ಲಿ ಪುರಾವೆಯೂ ಇದೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಕ್ಕಳಾಗುವ ವಯಸ್ಸಿನ ಮಹಿಳೆಯರು 21 ದಿನ ಶೇ. 0.3 ರೆಟಿನಾಲ್ ಅಥವಾ ಶೇ. 0.55 ಪಾಮಿಟೇಟ್ ಇರುವ ಕ್ರೀಮನ್ನು ದಿನಕ್ಕೆ ಸುಮಾರು 30,000 ಐಯು ಆಗುವಷ್ಟು ಹಚ್ಚಿಕೊಂಡರು. ರಕ್ತದ ವಿಟಮಿನ್ ‘ಎ’ ಮಟ್ಟ ಅಲುಗಲಿಲ್ಲ. ಬಾಯಿಯ ಮೂಲಕ ಕೊಟ್ಟಾಗ ಏರಿತು. ಅಧ್ಯಯನ ಉದ್ಯಮದ ವಿಜ್ಞಾನಿಗಳದ್ದು, ಭಾಗವಹಿಸಿದವರು ಕೆಲವೇ ಮಂದಿ ಎಂಬುದನ್ನು ನೆನಪಿಟ್ಟುಕೊಂಡೇ ಅದನ್ನು ಓದಬೇಕು. ಹಾಗೆಂದು ತಳ್ಳಿಹಾಕುವಂಥದ್ದೂ ಅಲ್ಲ.

ನಿಯಂತ್ರಕರ ಉತ್ತರ: ಜನರ ಊಟವನ್ನು ಕಾನೂನಿನಿಂದ ಬದಲಿಸಲಾಗದು, ಕ್ರೀಮನ್ನು ಬದಲಿಸಬಹುದು. ಶೇ. 0.3ಕ್ಕೂ ಶೇ. 1ಕ್ಕೂ ನಡುವೆ ಗ್ರಾಹಕರಿಗೆ ಆಗುವ ಲಾಭದ ಅಂತರ ಸಣ್ಣದಾದರೆ ಹೆಚ್ಚಿನದನ್ನು ಇಟ್ಟುಕೊಳ್ಳುವುದೇಕೆ? ಈ ಪ್ರಶ್ನೆ ನ್ಯಾಯವಾದದ್ದೇ.

ಈ ಚರ್ಚೆಗೆ ಆಗಾಗ ಎಳೆದು ತರುವ ಇನ್ನೊಂದು ಭಯ ಕ್ಯಾನ್ಸರಿನದು. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರೆಟಿನೈಲ್ ಪಾಮಿಟೇಟ್ ಹಚ್ಚಿ ಅತಿನೇರಳೆ ಬೆಳಕಿಗೆ ಒಡ್ಡಿದ ರೋಮರಹಿತ ಇಲಿಗಳಲ್ಲಿ ಗಡ್ಡೆಗಳು ಬೇಗ ಕಾಣಿಸಿಕೊಂಡವು. ಆದರೆ ಆ ತಳಿಯ ಇಲಿಗೆ ಬಿಸಿಲಿನಿಂದ ಗಡ್ಡೆ ಆಗುವುದು ಬಹಳ ಸುಲಭ. ವಿಟಮಿನ್ ಇಲ್ಲದ ಬರೀ ಕ್ರೀಮ್ ಹಚ್ಚಿದ ಇಲಿಗಳಲ್ಲೂ ಗಡ್ಡೆ ಹೆಚ್ಚಿತ್ತು. ದಶಕಗಳಿಂದ ಟ್ರೆಟಿನೊಯಿನ್ ಬಳಸಿದ ಮನುಷ್ಯರಲ್ಲಿ ಇಂಥದ್ದು ಕಂಡುಬಂದಿಲ್ಲ. ರಾತ್ರಿ ಮಾತ್ರ ಹಚ್ಚಿ ಎಂಬ ಸಲಹೆಗೆ ಈ ವರದಿ ಬಲ ಕೊಡುತ್ತದೆ, ಅದರಾಚೆಗೆ ಹೆದರಲು ಸಾಕಾಗುವುದಿಲ್ಲ.

ನಮ್ಮ ತಟ್ಟೆಯಲ್ಲಿ ಎಷ್ಟಿದೆ

ಯುರೋಪಿನ ಲೆಕ್ಕವನ್ನು ಉಡುಪಿಯ ಅಡುಗೆಮನೆಗೆ ತಂದರೆ ಚಿತ್ರ ಬೇರೆಯಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ದಿನಕ್ಕೆ ಬೇಕಾದ ವಿಟಮಿನ್ ‘ಎ’ ಗಂಡಸರಿಗೆ 1000, ಹೆಂಗಸರಿಗೆ 840 ಮೈಕ್ರೋಗ್ರಾಂ. ಬಸಳೆ, ಹರಿವೆ, ನುಗ್ಗೆಸೊಪ್ಪು, ಪಪ್ಪಾಯಿಗಳಿಂದ ಬರುವುದು ಕೆರೊಟಿನ್. ದೇಹ ಅದನ್ನು ತನಗೆ ಬೇಕಾದಷ್ಟೇ ವಿಟಮಿನ್ ಆಗಿ ಪರಿವರ್ತಿಸಿಕೊಳ್ಳುತ್ತದೆ, ಸೊಪ್ಪು ತಿಂದು ಯಾರಿಗೂ ವಿಟಮಿನ್ ‘ಎ’ ವಿಷವಾಗುವುದಿಲ್ಲ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಸಿದ್ಧರೂಪದ ವಿಟಮಿನ್: ಹಾಲು, ಮೊಟ್ಟೆ, ಯಕೃತ್ತು, ಮೀನಿನ ಲಿವರ್ ಎಣ್ಣೆ, ಮಾತ್ರೆಗಳು.

ಪ್ಯಾಕೆಟ್ಟಿನ ಮೇಲೆ ನೀಲಿ ‘ಎಫ್’ ಮತ್ತು ಕೂಡಿಸುವ ಚಿಹ್ನೆ ಇದ್ದರೆ ಅದು ಬಲವರ್ಧಿತ ಆಹಾರ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮಾನದಂಡದಂತೆ ಇಂಥ ಎಣ್ಣೆಯ ಒಂದು ಗ್ರಾಂನಲ್ಲಿ 6ರಿಂದ 9.9 ಮೈಕ್ರೋಗ್ರಾಂ, ಹಾಲಿನ ಒಂದು ಲೀಟರಿನಲ್ಲಿ 270ರಿಂದ 450 ಮೈಕ್ರೋಗ್ರಾಂ ವಿಟಮಿನ್ ‘ಎ’ ಇರಬೇಕು. ದಿನಕ್ಕೆ 30 ಗ್ರಾಂ ಎಣ್ಣೆ, ಅರ್ಧ ಲೀಟರ್ ಹಾಲು ಎಂದು ಹಿಡಿದರೂ ಒಟ್ಟು 525 ಮೈಕ್ರೋಗ್ರಾಂ ದಾಟದು. ಗಾಣದ ತೆಂಗಿನೆಣ್ಣೆಯಲ್ಲೇ ಅಡುಗೆ ಮಾಡುವ ಮನೆಗೆ ಎಣ್ಣೆಯ ಈ ಪಾಲೂ ಇಲ್ಲ. 3000ದ ಮಿತಿ ಇನ್ನೂ ಬಹಳ ದೂರ.

ಹಾಗಾದರೆ ಮಿತಿಯ ಹತ್ತಿರ ಹೋಗುವವರು ಯಾರು? ವಾರಕ್ಕೆ ಹಲವು ಬಾರಿ ಲಿವರ್ ತಿನ್ನುವವರು (100 ಗ್ರಾಂ ಕೋಳಿ ಲಿವರ್‌ನಲ್ಲೇ 3000 ಮೈಕ್ರೋಗ್ರಾಂಗಿಂತ ಹೆಚ್ಚಿದೆ), ಕಾಡ್ ಲಿವರ್ ಎಣ್ಣೆಯ ಕ್ಯಾಪ್ಸೂಲನ್ನು ಮಲ್ಟಿವಿಟಮಿನ್ ಜತೆ ನುಂಗುವವರು, ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು. ಈ ಗುಂಪಿನವರಿಗೆ ರೆಟಿನಾಲ್ ಕ್ರೀಮಿನ ಬಗ್ಗೆ ಯೋಚನೆ ಬೇಕು. ಆದರೂ ಮೊದಲು ನಿಲ್ಲಿಸಬೇಕಾದದ್ದು ಅನಗತ್ಯ ಕ್ಯಾಪ್ಸೂಲನ್ನು. ಉಳಿದವರಿಗೆ ಯುರೋಪಿನ ಭಯ ನಮ್ಮ ಭಯವಲ್ಲ.

ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ

ಮಾಡುತ್ತದೆ, ನಿಧಾನವಾಗಿ. ಚರ್ಮದ ಕೋಶಗಳಿಗೆ ಅರ್ಥವಾಗುವ ಭಾಷೆ ರೆಟಿನೊಯಿಕ್ ಆಮ್ಲದ್ದು, ಅದರ ಇನ್ನೊಂದು ಹೆಸರೇ ಟ್ರೆಟಿನೊಯಿನ್. ಅದು ಕೋಶಕೇಂದ್ರದಲ್ಲಿ ಸಂದೇಶ ಹಿಡಿಯುವ ಪ್ರೋಟೀನುಗಳಿಗೆ ಅಂಟಿಕೊಂಡು ಹಳೆಯ ಕೋಶ ಉದುರಿ ಹೊಸದು ಬರುವ ಗತಿಯನ್ನು ಹೆಚ್ಚಿಸುತ್ತದೆ, ರಂಧ್ರ ಕಟ್ಟಿಕೊಳ್ಳುವುದನ್ನು ತಪ್ಪಿಸುತ್ತದೆ, ಒಳಪದರದಲ್ಲಿ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ತಯಾರಾಗಲು ಕಾರಣವಾಗುತ್ತದೆ. ರೆಟಿನಾಲ್ ಈ ಆಮ್ಲವಾಗಲು ಚರ್ಮದೊಳಗೆ ಎರಡು ಮೆಟ್ಟಿಲು ಹತ್ತಬೇಕು: ಮೊದಲು ರೆಟಿನಾಲ್ಡಿಹೈಡ್, ಆಮೇಲೆ ಆಮ್ಲ. ಪಾಮಿಟೇಟ್‌ಗೆ ಮೂರು ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಸೋರಿಹೋಗುತ್ತದೆ. ಅದಕ್ಕೇ ರೆಟಿನಾಲ್ ಟ್ರೆಟಿನೊಯಿನ್‌ಗಿಂತ ಹತ್ತರಿಂದ ಇಪ್ಪತ್ತು ಪಟ್ಟು ದುರ್ಬಲ ಎನ್ನುವುದು. ಉರಿಯೂ ಅಷ್ಟೇ ಕಡಿಮೆ.

2007ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಸರಾಸರಿ 87 ವರ್ಷದ 36 ಮಂದಿಯ ತೋಳಿನ ಒಳಭಾಗಕ್ಕೆ ಶೇ. 0.4 ರೆಟಿನಾಲ್ ಲೋಷನ್ ಅನ್ನು ವಾರಕ್ಕೆ ಮೂರು ಸಲದವರೆಗೆ, 24 ವಾರ ಹಚ್ಚಿದರು. ಇನ್ನೊಂದು ತೋಳಿಗೆ ಬರೀ ಲೋಷನ್. ರೆಟಿನಾಲ್ ಹಚ್ಚಿದ ತೋಳಿನ ಸಣ್ಣ ನೆರಿಗೆಗಳು ಗಮನಾರ್ಹವಾಗಿ ಕಡಿಮೆಯಾದವು. ಬಿಸಿಲು ಕಾಣದ ಒಳತೋಳನ್ನೇ ಆರಿಸಿದ್ದು ಜಾಣತನ, ಅದರಿಂದ ವಯಸ್ಸಿನ ನೆರಿಗೆಯ ಮೇಲಿನ ಪರಿಣಾಮವೇ ಪ್ರತ್ಯೇಕವಾಗಿ ಕಂಡಿತು. ಇಲ್ಲಿ ಎರಡು ಸಂಗತಿ ಗಮನಿಸಿ. ವಾರಕ್ಕೆ ಮೂರೇ ಸಲ ಸಾಕಾಯಿತು. ಆರು ತಿಂಗಳು ಬೇಕಾಯಿತು.

ಮೊಡವೆಯ ಕಲೆ, ಒರಟುತನಗಳಲ್ಲಿ ಬದಲಾವಣೆ ಕಾಣಲು 12 ವಾರ, ನೆರಿಗೆಗೆ 24 ವಾರ ಎಂಬುದು ಪ್ರಾಮಾಣಿಕ ಲೆಕ್ಕ. ಹದಿನೈದು ದಿನದಲ್ಲಿ ಹೊಳಪು ಎನ್ನುವ ರೀಲ್ ತೋರಿಸುವುದು ಕ್ಯಾಮರಾದ ಬೆಳಕನ್ನು. ಇನ್ನು ‘ಬಿಳಿಯಾಗುವುದು’ ರೆಟಿನಾಲ್‌ನ ಕೆಲಸವೇ ಅಲ್ಲ.

ಡಬ್ಬದ ಮೇಲಿನ ಶೇಕಡಾವಾರು

ಪೈಪೋಟಿ ನಡೆಯುತ್ತಿರುವುದು ಅಂಕಿಯ ಮೇಲೆ, ಅಂಕಿಯೇ ಅತ್ಯಂತ ನಂಬಲಾಗದ ಸಂಗತಿ. ಶೇ. 2 ‘ಗ್ರಾನ್‌ಆಕ್ಟಿವ್ ರೆಟಿನಾಯ್ಡ್’ (ಇದೊಂದು ವ್ಯಾಪಾರಿ ಹೆಸರು) ಎಂದು ಬರೆದಿದ್ದರೆ ಅದರಲ್ಲಿ ನಿಜವಾದ ಹೈಡ್ರಾಕ್ಸಿಪಿನಕೊಲೋನ್ ರೆಟಿನೋಯೇಟ್ ಇರುವುದು ಶೇ. 0.2 ಮಾತ್ರ, ಉಳಿದದ್ದು ಅದನ್ನು ಕರಗಿಸಿದ ದ್ರಾವಕ. ಹಾಗೆಯೇ ಕಾರ್ಖಾನೆಗೆ ಬರುವ ಕೆಲವು ರೆಟಿನಾಲ್ ಕಚ್ಚಾಸಾಮಗ್ರಿಯಲ್ಲಿ ಅರ್ಧದಷ್ಟೇ ರೆಟಿನಾಲ್. ‘ರೆಟಿನಾಲ್ ಮಿಶ್ರಣ ಶೇ. 1’ ಎಂದು ಬರೆದರೆ ಯಾವುದರ ಶೇಕಡಾ ಒಂದು ಎಂದು ಕೇಳಲೇಬೇಕು.

ಎರಡನೆಯ ಸೋರಿಕೆ ಮನೆಯಲ್ಲಿ ಆಗುವುದು. ಬೆಳಕು, ಗಾಳಿ, ಶಾಖ, ಮೂರೂ ರೆಟಿನಾಲ್‌ನ ಶತ್ರುಗಳು. ಪರೀಕ್ಷೆಗೊಳಪಟ್ಟ ಕೆಲವು ಕ್ರೀಮುಗಳು ಕೋಣೆಯ ಉಷ್ಣತೆಯಲ್ಲೇ ಆರು ತಿಂಗಳಲ್ಲಿ ಅರ್ಧಕ್ಕೂ ಹೆಚ್ಚು ಬಲ ಕಳೆದುಕೊಂಡದ್ದಿದೆ. ಆ ಪರೀಕ್ಷೆಯ ‘ಕೋಣೆ’ ಎಂದರೆ 25 ಡಿಗ್ರಿ. ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಮಂಗಳೂರಿನ ಮನೆಯೊಳಗೆ ಮಧ್ಯಾಹ್ನ 32 ಡಿಗ್ರಿ ಮಾಮೂಲು, ಸ್ಕೂಟರಿನ ಡಿಕ್ಕಿಯೊಳಗೆ ಇನ್ನೂ ಎಷ್ಟೋ ಹೆಚ್ಚು. ಡ್ರಾಪರ್ ಇರುವ ಬಾಟಲಿ ಪ್ರತಿ ಸಲ ತೆರೆದಾಗ ಹೊಸ ಗಾಳಿ ಒಳಗೆ ಹೋಗುತ್ತದೆ, ಅಗಲ ಬಾಯಿಯ ಡಬ್ಬಿ ಅದಕ್ಕಿಂತ ಕೆಟ್ಟದ್ದು. ಅಲ್ಯೂಮಿನಿಯಂ ಟ್ಯೂಬ್ ಅಥವಾ ಗಾಳಿ ಹೋಗದ ಅಪಾರದರ್ಶಕ ಪಂಪ್ ಇರುವುದನ್ನೇ ಕೊಳ್ಳಿ, 15ರಿಂದ 30 ಗ್ರಾಂನ ಸಣ್ಣ ಅಳತೆಯಲ್ಲಿ. ಗೀಸರ್ ಇರುವ ಬಚ್ಚಲಿನ ಬದಲು ಬೀರುವಿನೊಳಗೆ ಇಡಿ. ಫ್ರಿಜ್‌ನ ಬಾಗಿಲಿನ ಅಂಕಣವೂ ಆದೀತು. ತೆರೆದ ಡಬ್ಬಿಯ ಚಿತ್ರದೊಳಗೆ ‘6ಎಂ’ ಎಂದಿದ್ದರೆ ತೆರೆದ ಮೇಲೆ ಆರು ತಿಂಗಳು ಎಂದರ್ಥ. ತಿಳಿಹಳದಿ ಇದ್ದದ್ದು ಗಾಢ ಕಂದಾದರೆ ಅದನ್ನು ಮುಖಕ್ಕೆ ಹಚ್ಚುವುದು ಬೇಡ. ಬಲ ಹೋಗಿರುತ್ತದೆ, ಉರಿ ಮಾತ್ರ ಉಳಿದಿರುತ್ತದೆ.

ರಿಯಾಯಿತಿಯಲ್ಲಿ ಸಿಗುವ ಹಳೆಯ ದಾಸ್ತಾನಿನ ಶೇ. 1ಕ್ಕಿಂತ ಚೆನ್ನಾಗಿ ಕಾಪಾಡಿದ ಶೇ. 0.3 ಬಲವಾಗಿರಬಹುದು.

ಕಂದು ಚರ್ಮದಲ್ಲಿ ಉರಿ ಕಲೆಯಾಗುತ್ತದೆ

ಯುರೋಪಿನವರ ಚರ್ಮದಲ್ಲಿ ರೆಟಿನಾಲ್ ಹೆಚ್ಚಾದರೆ ಮುಖ ಕೆಂಪಾಗಿ, ಸಿಪ್ಪೆ ಏಳುತ್ತದೆ, ಎರಡು ವಾರದಲ್ಲಿ ಸರಿಹೋಗುತ್ತದೆ. ನಮ್ಮ ಚರ್ಮದಲ್ಲಿ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಉರಿಯೂತಕ್ಕೆ ಕಂದು ಚರ್ಮದ ಉತ್ತರವೇ ಮೆಲನಿನ್, ಅಂದರೆ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ವಸ್ತು. ಉರಿ ಇಳಿದ ಮೇಲೆ ಬಾಯಿಯ ಸುತ್ತ, ಮೂಗಿನ ಬದಿ, ಗಲ್ಲದ ಮೇಲೆ ಕಪ್ಪು ಛಾಯೆ ಉಳಿದು ತಿಂಗಳುಗಟ್ಟಲೆ ಕಾಡುತ್ತದೆ. ಕಲೆ ಹೋಗಲೆಂದು ಹಚ್ಚಿದ್ದು ಕಲೆ ತಂದಿತು ಎನ್ನುವ ದೂರಿನ ಹಿಂದೆ ಬಹುತೇಕ ಇದೇ ಇರುತ್ತದೆ. ಆ ಕಲೆಗೆ ಇನ್ನೂ ಬಲವಾದ ಕ್ರೀಮ್ ಹಚ್ಚಿದರೆ ಸುಳಿ ಶುರು.

ಹಾಗಾಗಿ ಇಲ್ಲಿ ಆರಂಭದ ಪ್ರಮಾಣ ಶೇ. 0.1ರಿಂದ 0.3ರೊಳಗೆ ಇರುವುದೇ ಕ್ಷೇಮ. ವಾರಕ್ಕೆ ಎರಡು ರಾತ್ರಿ, ನಡುವೆ ಎರಡು ಮೂರು ದಿನದ ಅಂತರ. ಸೌಮ್ಯ ಫೇಸ್‌ವಾಶ್‌ನಿಂದ ಮುಖ ತೊಳೆದು ಪೂರ್ತಿ ಒಣಗಲು 10ರಿಂದ 15 ನಿಮಿಷ ಬಿಡಿ. ಒದ್ದೆ ಚರ್ಮ ಹೆಚ್ಚು ಹೀರುತ್ತದೆ, ಹೆಚ್ಚು ಉರಿಯುತ್ತದೆ. ನಮ್ಮ ತೇವದ ಹವೆಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಒಣಗಿತೆಂದು ಅನಿಸಿದ ಮುಖದ ಮೇಲೂ ಬೆವರಿನ ಪಸೆ ಇರುತ್ತದೆ. ಫ್ಯಾನಿನ ಕೆಳಗೆ ಕೂತು ನೋಡಿ. ಇಡೀ ಮುಖಕ್ಕೆ ಒಂದು ಕಡಲೆಕಾಳಿನಷ್ಟು ಸಾಕು. ಹಣೆ, ಎರಡು ಕೆನ್ನೆ, ಗಲ್ಲ ಹೀಗೆ ನಾಲ್ಕು ಕಡೆ ಚುಕ್ಕೆ ಇಟ್ಟು ಹರಡಿ. ಕಣ್ಣಿನ ಮೂಲೆ, ಮೂಗಿನ ಮಡಿಕೆ, ತುಟಿಯ ಅಂಚು ಬಿಟ್ಟುಬಿಡಿ, ಸಿಪ್ಪೆ ಮೊದಲು ಏಳುವುದು ಅಲ್ಲೇ. ಮೇಲೆ ಮಾಯಿಶ್ಚರೈಸರ್. ಚರ್ಮ ಸೂಕ್ಷ್ಮವಾಗಿದ್ದರೆ ರೆಟಿನಾಲ್‌ಗೆ ಮೊದಲೂ ಒಂದು ತೆಳು ಪದರ ಮಾಯಿಶ್ಚರೈಸರ್ ಹಚ್ಚಬಹುದು. ಮೂರು ನಾಲ್ಕು ವಾರ ತೊಂದರೆ ಇಲ್ಲವಾದರೆ ಒಂದು ರಾತ್ರಿ ಹೆಚ್ಚಿಸಿ. ಆರೆಂಟು ವಾರದಲ್ಲಿ ಒಂದು ದಿನ ಬಿಟ್ಟು ಒಂದು ದಿನಕ್ಕೆ ಬಂದರೆ ಅದೇ ಸಾಕು, ನಿತ್ಯವೂ ಹಚ್ಚಲೇಬೇಕೆಂದಿಲ್ಲ.

ಮೊದಲ ವಾರಗಳಲ್ಲಿ ಸ್ವಲ್ಪ ಒಣಕಲು, ಒಳಗಿದ್ದ ಮೊಡವೆಗಳು ಒಮ್ಮೆಲೇ ಮೇಲೆ ಬರುವುದು ಸಾಮಾನ್ಯ. ನೀರು ತಾಗಿದರೂ ಉರಿ, ಊತ, ಹೊಸದಾಗಿ ಕಪ್ಪು ಛಾಯೆ ಸಾಮಾನ್ಯವಲ್ಲ. ನಿಲ್ಲಿಸಿ, ಮಾಯಿಶ್ಚರೈಸರ್ ಮಾತ್ರ ಹಚ್ಚುತ್ತ ಶಮನವಾಗುವವರೆಗೆ ಕಾಯಿರಿ. ಗ್ಲೈಕಾಲಿಕ್, ಸ್ಯಾಲಿಸಿಲಿಕ್‌ನಂಥ ಆಮ್ಲಗಳನ್ನು ಅದೇ ರಾತ್ರಿ ಹಚ್ಚುವುದು ಬೇಡ. ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಬ್ಲೀಚ್‌ಗೆ ಐದಾರು ದಿನ ಮೊದಲೇ ರೆಟಿನಾಲ್ ನಿಲ್ಲಿಸಬೇಕು. ಇಲ್ಲವಾದರೆ ಕೂದಲಿನ ಜತೆ ಚರ್ಮದ ಮೇಲ್ಪದರವೂ ಕಿತ್ತುಬಂದು, ಮೆಹಂದಿಯ ದಿನ ಮೇಲ್ತುಟಿಯಲ್ಲಿ ಸುಟ್ಟ ಗುರುತು ನಿಲ್ಲುತ್ತದೆ. ಮದುವೆಗೆ ಒಂದು ತಿಂಗಳು ಇದೆ ಎನ್ನುವಾಗ ರೆಟಿನಾಲ್ ಶುರು ಮಾಡುವುದು ಅತಿ ಕೆಟ್ಟ ಮುಹೂರ್ತ.

ಬೆಳಗಿನ ಸನ್‌ಸ್ಕ್ರೀನ್ ಇಲ್ಲದೆ ರಾತ್ರಿಯ ರೆಟಿನಾಲ್ ವ್ಯರ್ಥ. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಬಿಸಿಲಿನ ಅತಿನೇರಳೆ ಕಿರಣಗಳ ತೀವ್ರತೆ ಹೇಳುವ ಯುವಿ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಲ್ಲಿ ಬೇಸಿಗೆಯ ನಡುಹಗಲಲ್ಲಿ ಅದು 11ರ ಮೇಲೆ ಹೋಗುವುದು ವಿಶೇಷವೇನಲ್ಲ. ಪಣಂಬೂರು, ಮಲ್ಪೆಯ ಮರಳು ಅದನ್ನು ಪ್ರತಿಫಲಿಸಿ ಕೆಳಗಿನಿಂದಲೂ ಕೊಡುತ್ತದೆ. ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎಳೆದ ಎರಡು ಗೆರೆಯಷ್ಟು ಮುಖ-ಕತ್ತಿಗೆ ಹಚ್ಚಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡರೆ ಆಗಲೇ ಮತ್ತೊಮ್ಮೆ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಕಲೆ ಹೆಚ್ಚಿಸುತ್ತದೆ. ಅವರಿಗೆ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಮೇಲು.

ಮೆಡಿಕಲ್ ಶಾಪಿನ ಟ್ಯೂಬ್

ಇಷ್ಟೆಲ್ಲ ಎಚ್ಚರ ರೆಟಿನಾಲ್‌ಗೆ. ಕರಾವಳಿಯಲ್ಲಿ, ಇಡೀ ದೇಶದಲ್ಲೂ, ಹೆಚ್ಚು ಮುಖ ಹಾಳು ಮಾಡುತ್ತಿರುವುದು ಇದಲ್ಲ. ನೂರಿನ್ನೂರು ರೂಪಾಯಿ ಒಳಗೆ ಸಿಗುವ, ‘ಮುಖದ ಕ್ರೀಮ್’ ಎಂದು ಕೇಳಿದರೆ ಕೌಂಟರಿನಿಂದ ಬರುವ ಮೂರು ಮದ್ದುಗಳ ಮಿಶ್ರಣ: ಚರ್ಮದ ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್ ಶೇ. 2, ಟ್ರೆಟಿನೊಯಿನ್ ಶೇ. 0.025, ಮೊಮೆಟಾಸೋನ್ ಶೇ. 0.1. ಇದರಲ್ಲೂ ವಿಟಮಿನ್ ‘ಎ’ ಕುಟುಂಬದ ಸದಸ್ಯ ಇದ್ದಾನೆ, ಅಪಾಯ ಮಾತ್ರ ಕೊನೆಯ ಹೆಸರಿನಲ್ಲಿ ಇದೆ. ಮೊಮೆಟಾಸೋನ್ ಸ್ಟಿರಾಯ್ಡ್.

ಮೂರನ್ನು ಕೂಡಿಸುವ ಯೋಚನೆ 1975ರದ್ದು, ಬಂಗಿಗೆ ಅಲ್ಪಕಾಲದ ಚಿಕಿತ್ಸೆಯಾಗಿ. 2002ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಿಶ್ರಣದಲ್ಲಿ ಇದ್ದದ್ದು ಇನ್ನೂ ಸೌಮ್ಯ ಸ್ಟಿರಾಯ್ಡ್, ಅದಕ್ಕೂ ಎಂಟು ವಾರದ ಗಡಿ. ಇಲ್ಲಿ ಅದಕ್ಕಿಂತ ಬಲವಾದ ಸ್ಟಿರಾಯ್ಡನ್ನು ವರ್ಷಗಟ್ಟಲೆ ಹಚ್ಚುವವರಿದ್ದಾರೆ. ಮೊದಲ ವಾರ ಮುಖ ಬೆಳ್ಳಗೆ, ನುಣ್ಣಗೆ ಕಾಣುವುದು ಸ್ಟಿರಾಯ್ಡ್ ರಕ್ತನಾಳಗಳನ್ನು ಕುಗ್ಗಿಸಿ ಉರಿಯನ್ನು ಮುಚ್ಚಿಹಾಕುವುದರಿಂದ. ತಿಂಗಳುಗಳಲ್ಲಿ ಚರ್ಮ ತೆಳುವಾಗಿ ಕೆಂಪು ನಾಳಗಳು ಎದ್ದು ಕಾಣುತ್ತವೆ, ಬಿಸಿಲಿಗೆ ಹೋದರೆ ಉರಿ, ಮೊಡವೆ, ಅನಗತ್ಯ ಕೂದಲು. ನಿಲ್ಲಿಸಿದರೆ ಎಲ್ಲ ಇಮ್ಮಡಿಯಾಗಿ ಮರಳುತ್ತದೆ, ಆದ್ದರಿಂದ ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ಕೇಂದ್ರ ಸರಕಾರ 2018ರಲ್ಲಿ ಹಚ್ಚುವ ಸ್ಟಿರಾಯ್ಡುಗಳನ್ನು ಶೆಡ್ಯೂಲ್ ‘ಎಚ್’ಗೆ ತಂದು, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದಿತು. ಚೀಟಿ ಕೇಳುವ ಅಂಗಡಿ ಎಷ್ಟಿವೆ ಎಂಬುದು ಓದುಗರಿಗೇ ಗೊತ್ತು.

ಗಲ್ಫ್‌ನಿಂದ ಬರುವ ಪೆಟ್ಟಿಗೆಯಲ್ಲಿ ಚಾಕಲೇಟಿನ ಜತೆ ಬರುವ ಬಿಳಿಯಾಗಿಸುವ ಕ್ರೀಮುಗಳದ್ದು ಇನ್ನೊಂದು ಅಧ್ಯಾಯ. ಇವುಗಳಲ್ಲಿ ಕೆಲವಕ್ಕೆ ಪಾದರಸ ಸೇರಿಸಿರುತ್ತಾರೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಇಂಥ ಕ್ರೀಮ್ ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆಯನ್ನು ದಾಖಲಿಸಿದ್ದಾರೆ. ಕಾನೂನುಬದ್ಧವಾಗಿ ಆಮದಾದ ಕ್ರೀಮಿನ ಮೇಲೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಲೇಬೇಕು.

ಈಗಾಗಲೇ ಸ್ಟಿರಾಯ್ಡ್ ಮಿಶ್ರಣ ಬಹುಕಾಲ ಹಚ್ಚಿದವರು ಈ ಲೇಖನ ಓದಿ ನಾಳೆಯೇ ನಿಲ್ಲಿಸಬೇಡಿ, ರೆಟಿನಾಲ್‌ಗಂತೂ ಹಾರಲೇಬೇಡಿ. ತೆಳುವಾದ ಚರ್ಮ ಅದನ್ನು ತಾಳದು. ಮಂಗಳೂರು, ದೇರಳಕಟ್ಟೆ, ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಬಳಸಿದ ಟ್ಯೂಬನ್ನೇ ಕೈಯಲ್ಲಿ ಹಿಡಿದು ಹೋಗಿ.

ಗರ್ಭಿಣಿಯರ ವಿಷಯ

ನುಂಗುವ ಐಸೊಟ್ರೆಟಿನೊಯಿನ್ ಗರ್ಭಕ್ಕೆ ಖಚಿತ ಅಪಾಯ. ಚಿಕಿತ್ಸೆಯ ಕಾಲದಲ್ಲಿ ಮತ್ತು ನಿಲ್ಲಿಸಿದ ಮೇಲೆ ಒಂದು ತಿಂಗಳು ಗರ್ಭ ಧರಿಸಬಾರದು. ಸೋರಿಯಾಸಿಸ್‌ಗೆ ಕೊಡುವ ಅಸಿಟ್ರೆಟಿನ್ ಮಾತ್ರೆಗಾದರೆ ಈ ಅವಧಿ ಮೂರು ವರ್ಷ. ಹಚ್ಚುವ ರೆಟಿನಾಲ್‌ನಿಂದ ಮಗುವಿಗೆ ತೊಂದರೆಯಾಗಿದೆ ಎನ್ನಲು ಗಟ್ಟಿ ಪುರಾವೆ ಇಲ್ಲ, ಆದರೂ ಬಿಡಿ ಎನ್ನುವುದೇ ವೈದ್ಯರ ರೂಢಿ. ನೆರಿಗೆಗೆ ಒಂಬತ್ತು ತಿಂಗಳು ಕಾಯಲು ಅಡ್ಡಿಯಿಲ್ಲ. ತಿಳಿಯದೆ ಕೆಲವು ವಾರ ಹಚ್ಚಿದ್ದರೆ ಗಾಬರಿ ಬೇಡ, ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಆ ಅವಧಿಯ ಮೊಡವೆ, ಕಲೆಗೆ ಅಜೆಲಾಯಿಕ್ ಆಮ್ಲ, ನಿಯಾಸಿನಮೈಡ್ ಇವೆ.

ಮಾರುಕಟ್ಟೆ ಎತ್ತ

ಒಂದೇ ಕಾರ್ಖಾನೆಯಿಂದ ಹಲವು ದೇಶಗಳಿಗೆ ಕಳಿಸುವ ಕಂಪೆನಿಗಳಿಗೆ ಎರಡು ಸೂತ್ರ ಇಟ್ಟುಕೊಳ್ಳುವುದು ದುಬಾರಿ, ಆದ್ದರಿಂದ ಅವುಗಳ ಭಾರತೀಯ ಟ್ಯೂಬಿನಲ್ಲೂ ಪ್ರಮಾಣ ಶೇ. 0.3ಕ್ಕೆ ಇಳಿಯುವ ಸಾಧ್ಯತೆ ಇದೆ. ಭಾರತದಲ್ಲೇ ತಯಾರಿಸಿ ಆನ್‌ಲೈನ್‌ನಲ್ಲಿ ಮಾರುವವರಿಗೆ ಆ ಒತ್ತಡವಿಲ್ಲ. ಅವರು ಶೇ. 1ನ್ನೇ ‘ಇಲ್ಲಿ ಮಾತ್ರ ಲಭ್ಯ’ ಎಂದು ಮಾರಿದರೂ ಅಚ್ಚರಿಯಿಲ್ಲ. ಇನ್ನೊಂದು ದಾರಿ, ಪಟ್ಟಿಯಲ್ಲಿ ಇಲ್ಲದ ರೆಟಿನಾಲ್ಡಿಹೈಡ್‌ನತ್ತ ತಿರುಗುವುದು. ಆಮ್ಲವಾಗಲು ಅದಕ್ಕೆ ಒಂದೇ ಮೆಟ್ಟಿಲು ಬಾಕಿ, ಹಾಗಾಗಿ ಶೇ. 0.05 ಎಂದು ಸಣ್ಣ ಅಂಕಿ ಕಂಡಾಕ್ಷಣ ಸೌಮ್ಯ ಎಂದುಕೊಳ್ಳುವಂತಿಲ್ಲ.

‘ಸಸ್ಯಜನ್ಯ ರೆಟಿನಾಲ್’ ಎಂಬ ಹೆಸರಿನಲ್ಲಿ ಬಕುಚಿಯಾಲ್ ಕೂಡ ಬರುತ್ತಿದೆ. ಇದು ನಮ್ಮ ಬಾವಂಚಿ ಬೀಜದಿಂದ ತೆಗೆದದ್ದು. ರಾಸಾಯನಿಕವಾಗಿ ರೆಟಿನಾಲ್ ಅಲ್ಲವೇ ಅಲ್ಲ. 2019ರ ಒಂದು ಅಧ್ಯಯನದಲ್ಲಿ 44 ಮಂದಿಗೆ 12 ವಾರ ಕೊಟ್ಟಾಗ ದಿನಕ್ಕೆರಡು ಬಾರಿಯ ಶೇ. 0.5 ಬಕುಚಿಯಾಲ್, ದಿನಕ್ಕೊಮ್ಮೆಯ ಶೇ. 0.5 ರೆಟಿನಾಲ್‌ನಷ್ಟೇ ಫಲ ಕೊಟ್ಟಿತು, ಉರಿಯೂ ಕಡಿಮೆ. ಸಂಖ್ಯೆ ಚಿಕ್ಕದು, ಆದರೂ ಆಶಾದಾಯಕ. ಆದರೆ ಶುದ್ಧೀಕರಿಸಿದ ಬಕುಚಿಯಾಲ್ ಬೇರೆ, ಬಾವಂಚಿ ಎಣ್ಣೆ ಬೇರೆ. ಬೀಜದಲ್ಲಿ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುವ ಸೋರಲೆನ್ ಇದೆ. ತೊನ್ನಿನ ಚಿಕಿತ್ಸೆಯಲ್ಲಿ ಚರ್ಮಕ್ಕೆ ಬಣ್ಣ ಬರಿಸಲು ಬಳಸುವುದು ಅದನ್ನೇ, ಬಿಸಿಲಿನ ಜತೆಗೂಡಿ. ‘ನೈಸರ್ಗಿಕ’ ಎಂದು ಆ ಎಣ್ಣೆಯನ್ನು ಮುಖಕ್ಕೆ ಹಚ್ಚಿ ಮಧ್ಯಾಹ್ನ ತಣ್ಣೀರುಬಾವಿಯ ಕಡಲತೀರದಲ್ಲಿ ನಡೆದರೆ ಬೊಕ್ಕೆ ಏಳಬಹುದು, ಅದು ಒಣಗಿದ ಮೇಲೆ ಉಳಿಯುವ ಕಪ್ಪು ಯಾವ ರೆಟಿನಾಲ್ ಕೊಡುವ ಕಲೆಗಿಂತಲೂ ಗಾಢ.